ಜಿಎಸ್‌ಟಿ ಕೆಲಸ ಏಜೆಂಟರಿಗೆ ಒಪ್ಪಿಸಿದರೆ ದಂಡವೂ ಅವರದ್ದೇ? ವಾಸ್ತವ ಇಲ್ಲಿದೆ

ಸಣ್ಣ ವ್ಯಾಪಾರಿಗಳ ನಡುವೆ ಆಗಾಗ ಕೇಳಿಬರುವ ಮಾತೊಂದಿದೆ: ‘ರಿಟರ್ನ್ ಸಲ್ಲಿಸುವ ಕೆಲಸ ಆಡಿಟರಿಗೋ ಏಜೆಂಟರಿಗೋ ವಹಿಸಿಬಿಟ್ಟರೆ ಮುಗಿಯಿತು, ತಪ್ಪಾದರೆ ದಂಡ ಕಟ್ಟುವವರು ಅವರೇ.’ ಇದು ಸುಳ್ಳು.

ಕೇಂದ್ರ ಜಿಎಸ್‌ಟಿ ಕಾಯ್ದೆಯ 48ನೇ ಸೆಕ್ಷನ್ ಈ ಬಗ್ಗೆ ಗೊಂದಲವನ್ನೇ ಉಳಿಸಿಲ್ಲ. ಜಿಎಸ್‌ಟಿ ಪ್ರಾಕ್ಟೀಷನರ್ ನಿಮ್ಮ ಪರವಾಗಿ ರಿಟರ್ನ್ ಸಲ್ಲಿಸಬಹುದು. ಆದರೆ ಅದರಲ್ಲಿರುವ ವಿವರ ಸರಿಯಿದೆಯೇ ಎಂಬ ಹೊಣೆ ನೋಂದಣಿ ಯಾರ ಹೆಸರಲ್ಲಿದೆಯೋ ಅವರದ್ದೇ. ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಾದರೆ 20 ರೂಪಾಯಿ ವಿಳಂಬ ಶುಲ್ಕ (ಇದಕ್ಕೆ ಗರಿಷ್ಠ ಮಿತಿಯಿದೆ). ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ಬೇರೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸಬೇಕಾದವರು ಸತತ 6 ತಿಂಗಳು ಸಲ್ಲಿಸದಿದ್ದರೆ ನೋಂದಣಿಯೇ ರದ್ದಾಗಬಹುದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಆ ನೋಟಿಸ್‌ಗಳೂ ಬಂದದ್ದು ಅಂಗಡಿಯವರ ಹೆಸರಿಗೇ.

ಹಾಗಾದರೆ ಕೆಲಸ ಹೊರಗೆ ಕೊಡಲೇಬಾರದೇ? ಕೊಡಬೇಕು. ಬೆಳಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ಕೂರುವವರು ತೆರಿಗೆ ನಿಯಮ ಓದುತ್ತ ಕೂರಲಾಗದು. ಏಜೆಂಟರು ಹೇಳಿದ್ದನ್ನು ನಂಬುವ ಬದಲು ಫೋನಿನಲ್ಲೇ ನೋಡಿಬಿಡಿ ಎಂಬುದಷ್ಟೇ ನಮ್ಮ ಮಾತು. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ ವಿಭಾಗದಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿದರೆ ಯಾವ ತಿಂಗಳ ರಿಟರ್ನ್ ಯಾವ ದಿನ ಸಲ್ಲಿಕೆಯಾಗಿದೆ ಎಂಬುದು ಕಾಣುತ್ತದೆ. ಇದಕ್ಕೆ ಲಾಗಿನ್ ಬೇಕಿಲ್ಲ. ನೋಂದಣಿಯಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಆಗಿರಲಿ. ಏಜೆಂಟರ ಸಂಖ್ಯೆ ಹಾಕಿಸಿದರೆ ಇಲಾಖೆಯ ಸಂದೇಶಗಳು, ಒಟಿಪಿಗಳು ಎಲ್ಲವೂ ಅವರಿಗೇ ಹೋಗುತ್ತವೆ. ಅವರು ಊರು ಬಿಟ್ಟರೆ ನಿಮ್ಮ ಖಾತೆಯೂ ಕೈ ತಪ್ಪಿದಂತೆಯೇ.

ಕೆಲಸವನ್ನು ಹೊರಗೆ ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ಮುಧೋಳ ಬಳಿಯ ರನ್ನ ಬೆಳಗಲಿ ಕವಿ ರನ್ನನ ಊರು. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದ್ದು ಹತ್ತನೇ ಶತಮಾನದಲ್ಲಿ, ಅದೂ ಲಿಪಿಕಾರರಿಗೆ ಒಪ್ಪಿಸಿದ ಕೆಲಸವೇ. ಅಲ್ಲಿಂದ ಸ್ವಲ್ಪ ದೂರದ ರಬಕವಿ-ಬನಹಟ್ಟಿಯಲ್ಲಿ ಮಾಲೀಕರು ನೂಲು ಕೊಟ್ಟು, ನೇಕಾರರು ಸೀರೆ ನೇಯ್ದು ಮಜೂರಿ ಪಡೆಯುವ ಪದ್ಧತಿ ಈಗಲೂ ಇದೆ. 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೂಲು ಕೊಟ್ಟು ಬಟ್ಟೆ ಪಡೆಯುವ ಕ್ರಮವನ್ನೇ ಅನುಸರಿಸಿತು.

ಇದನ್ನು ತೆರಿಗೆ ಭಾಷೆಯಲ್ಲಿ ಜಾಬ್ ವರ್ಕ್ ಎನ್ನುತ್ತಾರೆ. ‘ನೂಲು ನೇಕಾರರ ಮನೆ ಸೇರಿದ ಮೇಲೆ ಲೆಕ್ಕ ಅವರದ್ದು’ ಎಂದು ಹಲವರು ತಿಳಿದಿದ್ದಾರೆ. ಇಲ್ಲಿಯೂ ಕಾನೂನು ಬೇರೆಯೇ ಹೇಳುತ್ತದೆ. 143ನೇ ಸೆಕ್ಷನ್ ಪ್ರಕಾರ ಕಚ್ಚಾ ಮಾಲಿನ ಲೆಕ್ಕ ಇಡಬೇಕಾದವರು ಮಾಲೀಕರೇ. ಜಿಎಸ್‌ಟಿ ನೋಂದಣಿ ಇರುವ ಮಾಲೀಕರು ತೆರಿಗೆ ಕಟ್ಟದೆ ಡೆಲಿವರಿ ಚಲನ್ ಮೇಲೆ ನೂಲು ಕಳಿಸಬಹುದು, ಆದರೆ ಅದು 1 ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಎರಡೂ ಆಗದಿದ್ದರೆ ಕಳಿಸಿದ ದಿನವೇ ನೇಕಾರರಿಗೆ ಮಾರಿದಂತೆ ಲೆಕ್ಕ. ತೆರಿಗೆ, ಬಡ್ಡಿ ಎರಡೂ ಬೀಳುತ್ತವೆ. ಯಂತ್ರಗಳಿಗೆ 3 ವರ್ಷದ ಗಡುವು. ಮಾಲು ಗಡಿ ದಾಟಿ ಇಚಲಕರಂಜಿಗೆ ಹೋಗುವುದಾದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು. ಕೈಚೀಟಿಯಲ್ಲಿ ‘ಇಷ್ಟು ಕಿಲೋ ಕೊಟ್ಟೆ’ ಎಂದು ಬರೆದಿಟ್ಟರೆ ಮನೆಯ ಲೆಕ್ಕಕ್ಕೆ ಸಾಕು, ಇಲಾಖೆಗೆ ಸಾಲದು.

ಕೆಲಸ ಮಾಡಿಕೊಟ್ಟವರ ಹಣದ ವಿಷಯ ಇನ್ನೂ ಮುಖ್ಯ. ‘ಸೀರೆ ಮಾರಿದ ಮೇಲೆ ಕೊಡೋಣ’ ಎಂಬುದು ರೂಢಿ ಇರಬಹುದು. ಆದರೆ ಕೆಲಸ ಮಾಡಿದ ಘಟಕಕ್ಕೆ ಉದ್ಯಮ್ ನೋಂದಣಿ ಇದ್ದರೆ ಎಂಎಸ್‌ಎಂಇ ಕಾಯ್ದೆ ಅನ್ವಯಿಸುತ್ತದೆ. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ. ಆ ಹಣ ಕೊಡುವ ತನಕ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ, ಮಗ್ಗದ ಮನೆಗಳಿಗೆ ಫಾರ್ವರ್ಡ್ ಮಾಡಬೇಕಾದ ಸಂಗತಿ ಇದೇ.

ಉದ್ಯಮ್ ನೋಂದಣಿಗೆ ಸಾವಿರಾರು ರೂಪಾಯಿ ಶುಲ್ಕವಿದೆ ಎನ್ನುವ ಸಂದೇಶ ಬಂದರೆ ನಂಬಬೇಡಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ‘ಮನೆಯಲ್ಲೇ ಪೆನ್ಸಿಲ್ ಪ್ಯಾಕ್ ಮಾಡಿ, ತಿಂಗಳಿಗೆ 30 ಸಾವಿರ ಗಳಿಸಿ’ ಎಂಬ ಸಂದೇಶವೂ ಇದೇ ಸಾಲಿನದು. ನಿಜವಾಗಿ ಕೆಲಸ ಹೊರಗೆ ಕೊಡುವವರು ನೂಲು ಕೊಡುತ್ತಾರೆ, ಮಜೂರಿ ಕೊಡುತ್ತಾರೆ. ಮೊದಲೇ ನೋಂದಣಿ ಶುಲ್ಕ ಕೇಳುವುದಿಲ್ಲ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.