ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಸಾಧನಗಳು

ತಾನಾಗಿ ಉಸಿರಾಡಲಾಗದ ರೋಗಿಯ ಬಾಯಿಯ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಲು ಬಳಸುವ ಮುಖ್ಯ ಸಾಧನ ಲ್ಯಾರಿಂಗೋಸ್ಕೋಪ್. ಇದರ ಇತಿಹಾಸ ಶುರುವಾಗುವುದು ವೈದ್ಯರಿಂದಲ್ಲ, ಗಾಯನ ಶಿಕ್ಷಕನಿಂದ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಕನ್ನಡಿಗಳ ನೆರವಿನಿಂದ ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡ. 1878ರಲ್ಲಿ ಗ್ಲಾಸ್ಗೋದ ವಿಲಿಯಂ ಮೆಕ್ಯುವೆನ್ ಬೆರಳಿನಿಂದ ತಡವಿಯೇ ಟ್ಯೂಬ್ ಹಾಕಿದರು. ಗಂಟಲನ್ನು ಕನ್ನಡಿಯಿಲ್ಲದೆ ನೇರವಾಗಿ ನೋಡುವ ದಾರಿ ತೋರಿಸಿದ್ದು 1895ರಲ್ಲಿ ಬರ್ಲಿನ್ನಿನ ಆಲ್ಫ್ರೆಡ್ ಕರ್ಸ್ಟೈನ್.

ಇಂದಿಗೂ ಕಲಿಯುವವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ 1943ರಲ್ಲಿ ಪ್ರಕಟಿಸಿದ, ಲ್ಯಾರಿಂಗೋಸ್ಕೋಪಿನ ಬಾಗಿದ ಬ್ಲೇಡ್. 1941ರ ಮಿಲ್ಲರ್ ಬ್ಲೇಡ್ ನೇರ. ಅದು ಶ್ವಾಸದ್ವಾರದ ಮುಚ್ಚಳವಾದ ಎಪಿಗ್ಲಾಟಿಸನ್ನೇ ಎತ್ತುತ್ತದೆ. ಮ್ಯಾಕಿಂಟಾಷ್ ಬ್ಲೇಡಿನ ತುದಿ ನಾಲಿಗೆಯ ಬುಡ ಮತ್ತು ಎಪಿಗ್ಲಾಟಿಸ್ ನಡುವಿನ ಕುಳಿಯಲ್ಲಿ ಕೂರುತ್ತದೆ. ಎಡಗೈಯಲ್ಲಿ ಹಿಡಿದು, ನಾಲಿಗೆಯನ್ನು ಎಡಕ್ಕೆ ಸರಿಸಿ, ಹಿಡಿಯನ್ನು ಮುಂದಕ್ಕೂ ಮೇಲಕ್ಕೂ ಎತ್ತಬೇಕು. ಹೊಸಬರು ಮಾಡುವ ತಪ್ಪೆಂದರೆ ಮಣಿಕಟ್ಟು ತಿರುಗಿಸಿ ಮೇಲ್ಹಲ್ಲಿನ ಮೇಲೆ ಸನ್ನೆಗೋಲಿನಂತೆ ಮೀಟುವುದು. ಹಲ್ಲು ಮುರಿಯುತ್ತದೆ, ಧ್ವನಿತಂತು ಕಾಣುವುದಿಲ್ಲ.

ಈ ಕೌಶಲ ಆಪರೇಷನ್ ಥಿಯೇಟರಿನಿಂದ ಬೀದಿಗಿಳಿದ ಕಥೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿಗೆ ದೊಡ್ಡ ಪಾಲಿದೆ. 1967ರಲ್ಲಿ ಆರಂಭವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಗೆ ಅರಿವಳಿಕೆ ತಜ್ಞ ಪೀಟರ್ ಸಫಾರ್ ತರಬೇತಿ ರೂಪಿಸಿದರು. ಅಲ್ಲಿ ಕಲಿತವರಲ್ಲಿ ಬಹುಪಾಲು ನೆರೆಯ ಬಡಾವಣೆಯ ಕಪ್ಪು ಜನಾಂಗದವರು. ಪ್ಯಾರಾಮೆಡಿಕ್ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಅವರೂ ಸೇರಿದ್ದಾರೆಂಬುದನ್ನು ಮರೆಯಬಾರದು.

ಧ್ವನಿತಂತು ಕಾಣಲೇಬೇಕೆಂಬ ಕಟ್ಟನ್ನು ಸಡಿಲಿಸಿದ್ದು ಬ್ರಿಟನ್ನಿನ ಆರ್ಚಿ ಬ್ರೈನ್. 1981ರಲ್ಲಿ ಅವರು ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ಶ್ವಾಸದ್ವಾರದ ಮೇಲೆಯೇ ಕೂತು ಗಾಳಿ ಕೊಡುತ್ತದೆ. ಮಾಸ್ಕಿನ ಅಂಚಿಗೆ ಗಾಳಿ ತುಂಬಬೇಕಿಲ್ಲದ ಐ-ಜೆಲ್ ಇದೇ ಜಾತಿಯದು. ಇಂಗ್ಲೆಂಡಿನ ಪ್ಯಾರಾಮೆಡಿಕ್‌ಗಳು ಆಸ್ಪತ್ರೆಯ ಹೊರಗೆ ಹೃದಯಸ್ತಂಭನವಾದ 9,296 ರೋಗಿಗಳಲ್ಲಿ ನಡೆಸಿದ, 2018ರಲ್ಲಿ ಪ್ರಕಟವಾದ ಏರ್‌ವೇಸ್-2 ಅಧ್ಯಯನದಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಚೇತರಿಸಿಕೊಂಡವರು ಐ-ಜೆಲ್ ಗುಂಪಿನಲ್ಲಿ ಶೇ. 6.4, ಟ್ಯೂಬ್ ಗುಂಪಿನಲ್ಲಿ ಶೇ. 6.8. ಗಣನೀಯ ವ್ಯತ್ಯಾಸವಿಲ್ಲ. ಆದರೆ ಆರಂಭದಲ್ಲಿ ಗಾಳಿಯನ್ನು ಒಳಗೆ ಕಳಿಸುವಲ್ಲಿ ಐ-ಜೆಲ್ ಮುಂದಿತ್ತು. ಅಭ್ಯಾಸ ಕಡಿಮೆಯಿರುವವರಿಗೆ ಇದು ಸಣ್ಣ ಮಾತಲ್ಲ.

2001ರಲ್ಲಿ ಬಂದ ಗ್ಲೈಡ್‌ಸ್ಕೋಪ್‌ನಂಥ ವಿಡಿಯೊ ಸಾಧನಗಳಿಂದ ಗುರು-ಶಿಷ್ಯರಿಬ್ಬರಿಗೂ ಪರದೆಯ ಮೇಲೆ ಒಂದೇ ನೋಟ ಸಿಕ್ಕಿತು. ಅಮೆರಿಕದ ತುರ್ತು ವಿಭಾಗ ಮತ್ತು ಐಸಿಯುಗಳಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಡಿವೈಸ್ ಅಧ್ಯಯನದಲ್ಲಿ ಮೊದಲ ಯತ್ನದ ಯಶಸ್ಸು ವಿಡಿಯೊದಲ್ಲಿ ಶೇ. 85.1, ನೇರ ನೋಟದಲ್ಲಿ ಶೇ. 70.8. ಆದರೂ ಕ್ಯಾಮೆರಾಕ್ಕೆ ರಕ್ತ, ವಾಂತಿ ಮೆತ್ತಿದರೆ ಪರದೆಯಲ್ಲಿ ಏನೂ ಕಾಣದು. ಆದ್ದರಿಂದ ನೇರ ನೋಟದ ಅಭ್ಯಾಸ ಬಿಡುವಂತಿಲ್ಲ. ಯಾವ ಸಾಧನದಿಂದ ಹಾಕಿದರೂ, ಟ್ಯೂಬ್ ಅನ್ನನಾಳಕ್ಕೆ ಹೋಗಿಲ್ಲವೆಂದು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆದೇ ಖಚಿತಪಡಿಸಿಕೊಳ್ಳಬೇಕು.