ಅಸಾಧ್ಯ ವ್ಯಾಧಿ ಮತ್ತು ಸತ್ಯಕಥನ: ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ

ವಾಸಿಯಾಗದ ರೋಗವನ್ನು ರೋಗಿಗೆ ತಿಳಿಸಬೇಕೆ ಎಂಬ ಜಿಜ್ಞಾಸೆ ಪಾಶ್ಚಾತ್ಯ ವೈದ್ಯದೊಡನೆ ಬಂದುದೆಂದು ಭಾವಿಸುವುದು ಸರಿಯಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ವಿಧಿಸುವ ನಿಯಮಗಳ ನಡುವೆ, ರೋಗಿಯ ಆಯುಷ್ಯ ಕುಂದಿರುವುದು ತಿಳಿದಿದ್ದರೂ ಅವನಿಗಾಗಲಿ ಇತರರಿಗಾಗಲಿ ಆಘಾತವಾಗುವೆಡೆ ಅದನ್ನು ನುಡಿಯಬಾರದೆಂಬ ಮಾತಿದೆ. ಮೌನವನ್ನು ವಿಧಿಸುವ ಈ ಮಾತಿನಲ್ಲಿ ಸುಳ್ಳಾಡಲು ಅನುಮತಿ ಇಲ್ಲವೆಂಬುದನ್ನು ಗಮನಿಸಬೇಕು. ಇದಕ್ಕೆ ಎದುರಾದ ಪರಂಪರೆಯೂ ಕನ್ನಡ ನಾಡಿನಲ್ಲಿ ಬೇರೂರಿತ್ತು. ಪ್ರತೀಕಾರವಿಲ್ಲದ ರೋಗ ಬಂದಾಗ ಸಲ್ಲೇಖನವನ್ನು ಕೈಗೊಳ್ಳುವುದನ್ನು ಸಮಂತಭದ್ರನ ರತ್ನಕರಂಡಕ ವಿಧಿಸುತ್ತದೆ. ತನ್ನ ವ್ಯಾಧಿ ಅಸಾಧ್ಯವೆಂದು ಅರಿಯದವನಿಗೆ ಆ ವ್ರತವೇ ಅಸಾಧ್ಯ. ಶ್ರವಣಬೆಳಗೊಳದ ನಿಸಿಧಿ ಶಾಸನಗಳು ಹೀಗೆ ಮರಣವನ್ನು ಅರಿತು ಎದುರುಗೊಂಡವರ ದಾಖಲೆಗಳಾಗಿವೆ.

1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಡೊನಾಲ್ಡ್ ಓಕನ್‌ನ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವೈದ್ಯರು ಕ್ಯಾನ್ಸರನ್ನು ರೋಗಿಗೆ ತಿಳಿಸದಿರುವುದೇ ಲೇಸೆಂದಿದ್ದರು. 1979ರ ವೇಳೆಗೆ ಅಲ್ಲಿ ಈ ಅಭಿಪ್ರಾಯ ಪೂರ್ಣವಾಗಿ ತಿರುಗಿತ್ತು. ಮರೆಮಾಚುವಿಕೆಯನ್ನು ಕೇವಲ ಪೌರಸ್ತ್ಯರ ಗುಣವೆನ್ನುವವರು ಇದನ್ನು ಮರೆಯುತ್ತಾರೆ.

ಬಳ್ಳಾರಿಯಲ್ಲಿ ಬದಲಾವಣೆ ಬೇರೆ ದಾರಿಯಿಂದ ಬಂದಿತು. ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆಯ ಹೆಸರೇ ಒಳಗಿರುವವರ ರೋಗವನ್ನು ಸಾರುತ್ತಿತ್ತು. ಸ್ಟ್ರೆಪ್ಟೊಮೈಸಿನ್ ಮತ್ತು 1952ರ ಐಸೊನಿಯಾಜಿಡ್ ಬಂದ ಮೇಲೆ ತಿಂಗಳುಗಟ್ಟಲೆ ಔಷಧಿ ಸೇವಿಸಬೇಕಾದ ರೋಗಿಗೆ ರೋಗದ ಹೆಸರು ತಿಳಿದಿರುವುದು ಚಿಕಿತ್ಸೆಯ ಅಂಗವಾಯಿತು. ಎಚ್‌ಐವಿಯಲ್ಲಿ ಕ್ರಮವೇ ತಲೆಕೆಳಗಾಯಿತು. ಪರೀಕ್ಷೆಯ ಮೊದಲೂ ಅನಂತರವೂ ಆಪ್ತಸಮಾಲೋಚನೆ. ಫಲಿತಾಂಶ ಮೊದಲು ವ್ಯಕ್ತಿಗೆ. ಅವನ ಸಮ್ಮತಿಯಿಲ್ಲದೆ ಮನೆಯವರಿಗೂ ಇಲ್ಲ. 2017ರ ಕಾಯಿದೆ ಈ ಗೋಪ್ಯತೆಗೆ ಬಲ ನೀಡಿತು.

ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಹಳೆಯ ಕ್ರಮ ಬಹುಮಟ್ಟಿಗೆ ಉಳಿದಿದೆ. ಸಿರುಗುಪ್ಪದ ಭತ್ತದ ಬಯಲಿನಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಬಂದವರ ವರದಿಯನ್ನು ವೈದ್ಯರು ಮಗನ ಇಲ್ಲವೆ ಅಳಿಯನ ಕೈಗೆ ಕೊಡುವುದುಂಟು. ರೋಗಿಗೆ ‘ಗಡ್ಡೆ’, ‘ಹುಣ್ಣು’ ಎಂಬ ಮಾತುಗಳಷ್ಟೇ ದೊರೆಯುತ್ತವೆ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಗೆ ಕರೆದೊಯ್ದರೆ ಆ ಹೆಸರೇ ಗುಟ್ಟನ್ನು ಒಡೆಯುತ್ತದೆ. ಇದರ ಹಿಂದೆ ಪ್ರೀತಿಯಿದೆ, ಎದೆಗುಂದೀತೆಂಬ ಅಂಜಿಕೆಯಿದೆ. ಆದರೆ ಹೊಲ ಮಾರಿ ಚಿಕಿತ್ಸೆ ಮುಂದುವರಿಸಬೇಕೆ, ಸಾಲ ತೀರಿಸಬೇಕೆ, ಮಗಳ ಮದುವೆ ಮುಗಿಸಬೇಕೆ ಎಂಬುದನ್ನು ಹೊಲದ ಒಡೆಯನನ್ನು ಬಿಟ್ಟು ಉಳಿದವರು ನಿರ್ಧರಿಸುತ್ತಾರೆ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಕುಗ್ಗಿಸಲೂ ಬಾರದೆಂದಿತು. ತಿಳಿವು ರೋಗಿಗೋ ಬಂಧುಗಳಿಗೋ ಎಂಬುದನ್ನು ಮಾತ್ರ ಸಡಿಲವಾಗಿ ಬಿಟ್ಟಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಆ ನಿರ್ದೇಶನಕ್ಕೆ ಸಹಿ ಮಾಡಬೇಕಾದವನು ರೋಗಿ. ಅವನ ವರದಿಯ ಕಡತ ಇನ್ನೂ ಮಗನ ಕೈಚೀಲದಲ್ಲಿದೆ.