ಸ್ಯಾಕರಿನ್: ಆರೋಗ್ಯದ ಆತಂಕಗಳ ಇತಿಹಾಸ

ಸ್ಯಾಕರಿನ್ ಜಗತ್ತಿನ ಮೊದಲ ಕೃತಕ ಸಿಹಿಕಾರಕ. ಸಕ್ಕರೆಗಿಂತ ಸುಮಾರು 300ರಿಂದ 500 ಪಟ್ಟು ಸಿಹಿ. ಹೆಚ್ಚಾದರೆ ನಾಲಿಗೆಯ ಮೇಲೆ ಕಹಿ ಉಳಿಯುತ್ತದೆ. ದೇಹ ಇದನ್ನು ಅರಗಿಸಿಕೊಳ್ಳುವುದಿಲ್ಲ. ಬಹುಪಾಲು ಹೇಗೆ ಒಳಹೋಯಿತೋ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಇದರ ಮೇಲೆ ಬಂದ ದೊಡ್ಡ ಆರೋಪ ಮೂತ್ರಚೀಲದ ಕ್ಯಾನ್ಸರಿನದಾದದ್ದಕ್ಕೂ ಈ ಗುಣಕ್ಕೂ ನಂಟಿದೆ.

1879ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಇರಾ ರೆಮ್ಸನ್ ಅವರ ಪ್ರಯೋಗಾಲಯದಲ್ಲಿ, ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಕಲ್ಲಿದ್ದಲ ಟಾರಿನಿಂದ ಬರುವ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದ. ಒಂದು ಸಂಜೆ ಕೈ ತೊಳೆಯದೆ ಊಟಕ್ಕೆ ಕೂತಾಗ ಬ್ರೆಡ್ಡು ಸಿಹಿಯೆನಿಸಿತು. ಬೆರಳು ನೆಕ್ಕಿದರೆ ಅದೂ ಸಿಹಿ. ಲ್ಯಾಬಿಗೆ ಮರಳಿ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ರುಚಿ ನೋಡಿ ಮೂಲವನ್ನು ಹಿಡಿದ. ಇಬ್ಬರೂ ಸೇರಿ ಸಂಶೋಧನೆಯನ್ನು ಪ್ರಕಟಿಸಿದರು. ಪೇಟೆಂಟ್ ಮಾತ್ರ ಫಾಲ್‌ಬರ್ಗ್ ಹೆಸರಿಗೆ ಹೋಯಿತು. ಮುಂದೆ ಅವನು ಜರ್ಮನಿಯ ಮಾಗ್ಡೆಬರ್ಗ್ ಬಳಿ ಕಾರ್ಖಾನೆ ತೆರೆದ.

ಮೊದಲ ನಿರ್ಬಂಧಗಳ ಹಿಂದೆ ಆರೋಗ್ಯಕ್ಕಿಂತ ವ್ಯಾಪಾರದ ಒತ್ತಡವೇ ಜೋರಾಗಿತ್ತು. ಬೀಟ್ ಸಕ್ಕರೆ ಉದ್ಯಮವನ್ನು ಕಾಪಾಡಲು ಜರ್ಮನಿ 1902ರಲ್ಲಿ ಸ್ಯಾಕರಿನ್ನನ್ನು ಔಷಧದಂಗಡಿಗಳಿಗೆ ಸೀಮಿತಗೊಳಿಸಿತು. ಸ್ವಿಟ್ಜರ್ಲೆಂಡಿನಿಂದ ಕಳ್ಳಸಾಗಣೆ ಶುರುವಾಯಿತು. ಅಮೆರಿಕದಲ್ಲಿ ಇದನ್ನು ವಿರೋಧಿಸಿದವರು ಆಹಾರ ಶುದ್ಧತೆಗಾಗಿ ಹೋರಾಡಿದ ಹಾರ್ವೆ ವೈಲಿ. ಸ್ಯಾಕರಿನ್ ಹಾಕಿದ ಸಿಹಿ ಜೋಳದಲ್ಲಿ ಸಕ್ಕರೆಯಿದೆ ಎಂದು ನಂಬಿ ತಿನ್ನುವವರಿಗೆ ಇದು ಮೋಸ ಎಂಬುದು ಅವರ ವಾದ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ವೈದ್ಯರೇ ದಿನವೂ ಸ್ಯಾಕರಿನ್ ಕೊಡುತ್ತಿದ್ದರಿಂದ ವೈಲಿ ಅಧ್ಯಕ್ಷರ ಕೋಪಕ್ಕೆ ಗುರಿಯಾದರು. ವಿಷಯ ತಜ್ಞರ ಮಂಡಳಿಗೆ ಹೋಯಿತು. ಅದರ ಮುಖ್ಯಸ್ಥರು ಸ್ಯಾಕರಿನ್ ಹುಟ್ಟಿದ ಪ್ರಯೋಗಾಲಯದ ರೆಮ್ಸನ್! ದಿನಕ್ಕೆ 0.3 ಗ್ರಾಂವರೆಗೆ ಅಪಾಯವಿಲ್ಲ ಎಂದು ಮಂಡಳಿ ಹೇಳಿತು. ಹಾನಿಕರವೇ ಎಂಬ ಪ್ರಶ್ನೆಯ ಪಕ್ಕದಲ್ಲಿ ಎಷ್ಟು ತಿಂದರೆ ಎಂಬ ಪ್ರಶ್ನೆಯೂ ನಿಂತದ್ದು ಆಗ. ಎರಡು ಮಹಾಯುದ್ಧಗಳ ಸಕ್ಕರೆ ಅಭಾವದಲ್ಲಿ ಬಳಕೆ ಮನೆಮನೆಗೆ ಹರಡಿತು.

ನಿಜವಾದ ದಿಗಿಲು ಹುಟ್ಟಿದ್ದು ಇಲಿಗಳಿಂದ. 1969ರಲ್ಲಿ ಸೈಕ್ಲಮೇಟ್ ಎಂಬ ಇನ್ನೊಂದು ಕೃತಕ ಸಿಹಿಕಾರಕ ಮತ್ತು ಸ್ಯಾಕರಿನ್ ಮಿಶ್ರಣ ತಿಂದ ಇಲಿಗಳ ಮೂತ್ರಚೀಲದಲ್ಲಿ ಗೆಡ್ಡೆಗಳು ಕಂಡು, ಅಮೆರಿಕ ಸೈಕ್ಲಮೇಟನ್ನು ನಿಷೇಧಿಸಿತು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಯಾವ ಸೇರ್ಪಡೆಯೂ ಆಹಾರದಲ್ಲಿ ಇರಕೂಡದೆಂಬ 1958ರ ಡಿಲೇನಿ ನಿಯಮದಲ್ಲಿ ಪ್ರಮಾಣದ ಲೆಕ್ಕಕ್ಕೆ ಜಾಗವೇ ಇರಲಿಲ್ಲ. 1977ರಲ್ಲಿ ಕೆನಡಾದ ಅಧ್ಯಯನವೊಂದು ಆಹಾರದ ಶೇ. 5ರಷ್ಟು ಸ್ಯಾಕರಿನ್ನೇ ತಿಂದ ಇಲಿಗಳಲ್ಲಿ ಗೆಡ್ಡೆ ತೋರಿಸಿದಾಗ ಅಮೆರಿಕದಲ್ಲಿ ಅದರ ನಿಷೇಧಕ್ಕೂ ಪ್ರಸ್ತಾವ ಬಂತು. ಅಲ್ಲಿನ ಮಧುಮೇಹಿಗಳಿಗೆ ಆಗ ಉಳಿದಿದ್ದ ಕೃತಕ ಸಿಹಿ ಇದೊಂದೇ. ಸಂಸತ್ತಿಗೆ ಪತ್ರಗಳ ಮಳೆಯೇ ಸುರಿಯಿತು. ಅದೇ ವರ್ಷ ನಿಷೇಧ ತಡೆಹಿಡಿದು, ಪೊಟ್ಟಣದ ಮೇಲೆ ಕ್ಯಾನ್ಸರ್ ಎಚ್ಚರಿಕೆ ಅಚ್ಚು ಹಾಕಿಸುವ ಕಾನೂನು ಬಂತು.

ಇಲಿಯ ಮೂತ್ರಚೀಲದಲ್ಲಿ ನಡೆಯುತ್ತಿದ್ದುದು ಏನೆಂದು ತಿಳಿಯಲು ಮತ್ತೆರಡು ದಶಕ ಹಿಡಿಯಿತು. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಫಾಸ್ಫೇಟು ಬಹಳ. ಸೋಡಿಯಂ ಸ್ಯಾಕರಿನ್ ವಿಪರೀತವಾಗಿ ಸೇರಿದಾಗ ಸೂಕ್ಷ್ಮ ಹರಳುಗಳು ಕಟ್ಟಿ ಒಳಪೊರೆಯನ್ನು ಕೆರೆಯುತ್ತವೆ; ಗಾಯ ಮಾಯಲೆಂದು ಕೋಶಗಳು ಮತ್ತೆ ಮತ್ತೆ ಬೆಳೆಯುತ್ತವೆ, ಆ ಬೆಳವಣಿಗೆಯಲ್ಲೇ ಗೆಡ್ಡೆ ಏಳುತ್ತದೆ. ಮನುಷ್ಯರ ಮೂತ್ರ ಹಾಗಿಲ್ಲ. 1999ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಯಾಕರಿನ್ನನ್ನು ಕ್ಯಾನ್ಸರ್ ತರಬಹುದೆಂಬ ಸಂಶಯದ ಪಟ್ಟಿಯಿಂದ ಕೆಳಗಿಳಿಸಿತು. 2000ದಲ್ಲಿ ಅಮೆರಿಕದ ಪೊಟ್ಟಣಗಳಿಂದ ಎಚ್ಚರಿಕೆಯ ಸಾಲು ತೆಗೆಯಲಾಯಿತು. ಈ ಇಲಿಗಳ ಪ್ರಯೋಗ ವ್ಯರ್ಥವಾಗಲಿಲ್ಲ: ಒಂದು ಪ್ರಾಣಿಯ ಕ್ಯಾನ್ಸರು ಮನುಷ್ಯರಿಗೆ ಯಾವಾಗ ಅನ್ವಯಿಸುವುದಿಲ್ಲ ಎಂದು ತೋರಿಸುವ ಬಲವಾದ ಉದಾಹರಣೆ ವಿಷಶಾಸ್ತ್ರಕ್ಕೆ ಸಿಕ್ಕಿದ್ದು ಅದರಿಂದಲೇ.

ಕ್ಯಾನ್ಸರ್ ಭಯ ಇಳಿದ ಮೇಲೆ ಪ್ರಶ್ನೆ ಕರುಳಿಗೆ ಬಂತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ 2014ರಲ್ಲಿ, ಸ್ಯಾಕರಿನ್ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸಿ ರಕ್ತದ ಸಕ್ಕರೆ ಹತೋಟಿಯನ್ನು ಕೆಡಿಸಬಲ್ಲದೆಂದು ವರದಿ ಮಾಡಿತು. 2022ರಲ್ಲಿ 120 ಆರೋಗ್ಯವಂತರ ಮೇಲೆ ಎರಡು ವಾರ ನಡೆಸಿದ ಪರೀಕ್ಷೆಯಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ಎಂಬ ಇನ್ನೊಂದು ಕೃತಕ ಸಿಹಿಕಾರಕ ಸೇವಿಸಿದವರಲ್ಲಿ ಗ್ಲೂಕೋಸ್ ಪ್ರತಿಕ್ರಿಯೆ ಸರಾಸರಿಯಲ್ಲಿ ಏರಿತು. ಆದರೆ ಒಬ್ಬರಿಗಾದದ್ದು ಇನ್ನೊಬ್ಬರಿಗೆ ಆಗಲಿಲ್ಲ. ಎರಡೇ ವಾರದ ಪರೀಕ್ಷೆಯಿಂದ ವರ್ಷಗಟ್ಟಲೆ ಬಳಸುವವರ ಬಗ್ಗೆ ತೀರ್ಪು ಕೊಡಲಾಗದು. ಹಾಗೆಂದು ಪಕ್ಕಕ್ಕೆ ಸರಿಸುವ ವಿಷಯವೂ ಇದಲ್ಲ.

ದಿನದ ಸುರಕ್ಷಿತ ಮಿತಿಯನ್ನು 1993ರಲ್ಲಿ ದೇಹತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ನಿಗದಿಪಡಿಸಿತು. 2024ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ಮಿತಿಯನ್ನು 9ಕ್ಕೆ ಏರಿಸಿದೆ. ಇದರ ನಡುವೆ, 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಸಲಹೆ ನೀಡಿತು. ಮೊದಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಈ ಸಿಹಿಯನ್ನು ಅವಶ್ಯಕತೆಗಾಗಿ ನೆಚ್ಚಿಕೊಂಡು ಬಂದವರು ಅವರೇ.